ಮರಕ್ಕೆ ಬೆರಳಿಲ್ಲ

ಹೋದ ವಿಜಯದಶಮಿ ದಿನ ಬೆಳಿಗ್ಗೆ ಒಂಬತ್ತಕ್ಕೇ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತ್ ಮೇಲೆ ಚಾಪೆ ಹಾಸಿ ಜಾಗ ಹಿಡಿದೆವು. ನಾನು, ಅಕ್ಕ, ಅಕ್ಕನ ಇಬ್ಬರು ಹೆಣ್ಣುಮಕ್ಕಳು, ನನ್ನ ಎಂಟು ವರ್ಷದ ಮಗ. ಒಂದು ಡಬ್ಬಿ ಪುಳಿಯೋಗರೆ, ನೀರು, ಎರಡು ಛತ್ರಿ. ಜಂಬೂ ಸವಾರಿ ನೋಡೋದು ಅಂದ್ರೆ ಮುಕ್ಕಾಲು ಪಾಲು ಕಾಯೋದೇ ಅಲ್ವಾ. ಮಧ್ಯಾಹ್ನ ದಾಟಿದ ಮೇಲೆ ಮೆರವಣಿಗೆ ಶುರುವಾಯ್ತು. ಡೊಳ್ಳು ಬಂತು, ಪೂಜೆ ಕುಣಿತ ಬಂತು, ವೀರಗಾಸೆ, ಕಂಸಾಳೆ, ಗಾರುಡಿ ಗೊಂಬೆ, ಒಂದಾದ ಮೇಲೊಂದು. ಆಮೇಲೆ ಮರಗಾಲಿನವರು ಬಂದರು, ಕಾಲಿಗೆ ಉದ್ದನೆ ಮರ ಕಟ್ಟಿಕೊಂಡು ಅದರ ಮೇಲೆ ನಿಂತು ಕುಣಿಯುವವರು. ಐದಾರು ಜನ. ಉದ್ದನೆ ಪೈಜಾಮ, ತಲೆಗೆ ಪೇಟ, ಮುಖದಲ್ಲಿ ಬಣ್ಣ, ಬಿಸಿಲಿಗೆ ಆ ಬಣ್ಣ ಕೆನ್ನೆ ಮೇಲೆ ಇಳಿಯುತ್ತಿತ್ತು.

ಅವರು ನಮ್ಮ ಎದುರಿಗೆ ಬರುವ ಹೊತ್ತಿಗೆ ಮುಂದೆ ಏನೋ ತಡವಾಗಿ ಇಡೀ ಮೆರವಣಿಗೆ ನಿಂತಿತು. ಡೊಳ್ಳಿನವರು ಡೊಳ್ಳು ಇಳಿಸಿ ಬೆವರು ಒರೆಸಿಕೊಂಡರು. ಕಂಸಾಳೆ ಹುಡುಗರು ನೀರು ಕುಡಿದರು. ಮರಗಾಲಿನವರು ಮಾತ್ರ ನಿಲ್ಲಲಿಲ್ಲ. ಇದ್ದ ಜಾಗದಲ್ಲೇ ಟಕ್ ಟಕ್ ಟಕ್ ಅಂತ ಹೆಜ್ಜೆ ಹಾಕುತ್ತಲೇ ಇದ್ದರು. ಹಿಂದೆ ಒಂದು, ಮುಂದೆ ಎರಡು. ವಾದ್ಯ ಇಲ್ಲ, ತಾಳ ಇಲ್ಲ, ಚಪ್ಪಾಳೆಯೂ ಇಲ್ಲ. ಎದುರಿನ ಅಂಗಡಿಯ ಮಹಡಿ ಬಾಲ್ಕನಿಯಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೈ ಚಾಚಿ ಒಬ್ಬರಿಗೆ ನೀರಿನ ಬಾಟಲಿ ಕೊಟ್ಟರು. ಅವರು ನೀರು ಕುಡಿಯುವಾಗಲೂ ಕಾಲು ಆಡುತ್ತಲೇ ಇತ್ತು.

ಮಗ ಕೇಳಿದ, "ಅಮ್ಮ, ಅವರು ಯಾಕೆ ಸುಮ್ನೆ ನಿಲ್ಲಲ್ಲ? ಸುಸ್ತಾಗಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಹುಟ್ಟಿದ್ದು ಮಂಡ್ಯ ಜಿಲ್ಲೆ, ಇಪ್ಪತ್ತು ವರ್ಷದಿಂದ ಮೈಸೂರಲ್ಲಿದ್ದೀನಿ, ಎಷ್ಟು ದಸರಾ ನೋಡಿದ್ದೀನೋ ಲೆಕ್ಕ ಇಲ್ಲ. ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ. ಆಮೇಲೆ ಅಂಬಾರಿ ಹೊತ್ತ ಆನೆ ಬಂತು, ಎಲ್ಲರೂ ಕೈ ಮುಗಿದೆವು, ಹೂವು ಎರಚಿದರು. ಮನೆಗೆ ಬಂದ ಮೇಲೂ ನನ್ನ ಕಿವಿಯಲ್ಲಿ ಆ ಟಕ್ ಟಕ್ ಮಾತ್ರ ಉಳಿದಿತ್ತು.

ರಾತ್ರಿ ಸೋದರಮಾವನಿಗೆ ಫೋನ್ ಮಾಡಿದೆ. ಅವರು ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿದ್ದಾರೆ, ಎಪ್ಪತ್ತು ದಾಟಿದೆ, ಇನ್ನೂ ಕಬ್ಬು ಮಾಡಿಸುತ್ತಾರೆ. ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಊರ ಬೀದಿಯ ಕೆಸರಲ್ಲಿ ಬಿದಿರು ಗಳದ ಮೇಲೆ ಹತ್ತಿ ಸ್ಕೂಲಿಗೆ ಹೋಗುತ್ತಿದ್ದರಂತೆ, ಆ ಕಥೆ ಅಜ್ಜಿ ನಮಗೆ ಹೇಳುತ್ತಿದ್ದರು. ಮಗನ ಪ್ರಶ್ನೆ ಹೇಳಿದೆ. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ.

"ನಿಂತ್ಕಂಡ್ರೆ ಬಿದ್ದೋಯ್ತಾನೆ ಕಣವ್ವ. ಮರಕ್ಕೆ ಬೆರಳಿಲ್ವಲ್ಲ."

ಫೋನ್ ಇಟ್ಟ ಮೇಲೆ ಬರಿಗಾಲಲ್ಲಿ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ನಿಂತು ನೋಡಿದೆ. ನೀವೂ ನಿಂತು ನೋಡಿ. ನಾವು ಅಲ್ಲಾಡದೆ ನಿಂತಿದ್ದೀವಿ ಅಂದುಕೊಂಡಿರುತ್ತೀವಿ, ಆದರೆ ಕೆಳಗೆ ಬೆರಳುಗಳು ನೆಲ ಒತ್ತುತ್ತಿರುತ್ತವೆ, ಹಿಮ್ಮಡಿ ಸ್ವಲ್ಪ ಆ ಕಡೆ ಸ್ವಲ್ಪ ಈ ಕಡೆ ಭಾರ ಹಾಕುತ್ತಿರುತ್ತದೆ, ಕಾಲಿನ ಗಿಣ್ಣು ಒಂದೇ ಸಮನೆ ಸರಿ ಮಾಡಿಕೊಳ್ಳುತ್ತಿರುತ್ತದೆ. ಮರಗಾಲಿನ ತುದಿ ಒಂದು ಮುಷ್ಟಿಯಷ್ಟು. ಅದರಲ್ಲಿ ಒತ್ತುವುದಕ್ಕೆ ಏನೂ ಇಲ್ಲ. ಬೀಳುವುದಕ್ಕೆ ಮುಂಚೆ ಇನ್ನೊಂದು ಕಾಲನ್ನು ಅಲ್ಲಿಗೆ ಇಟ್ಟುಬಿಡಬೇಕು, ಅದು ಬೀಳುವ ಮುಂಚೆ ಮತ್ತೆ ಈ ಕಾಲು. ಕುಣಿತಕ್ಕೆ ಮುಂಚೆಯೇ ಅದು ಕುಣಿತವಾಗಿಬಿಟ್ಟಿದೆ. ಅವರಿಗೆ ದಣಿವಾರಿಸಿಕೊಳ್ಳಬೇಕು ಅಂದರೆ ಒಂದು ಗೋಡೆ ಬೇಕು, ಇಲ್ಲವೇ ಲಾರಿಯ ತಲೆ ಮೇಲೆ ಕೂರಬೇಕು. ಕಟ್ಟಿಕೊಳ್ಳುವುದೂ ಹಾಗೇ, ಎತ್ತರದಲ್ಲಿ ಕೂತು, ಪಾದವನ್ನು ಹಲಗೆ ಮೇಲಿಟ್ಟು, ಮಂಡಿ ಕೆಳಗೆ ಬಿಗಿಯಾಗಿ ಸುತ್ತಿ ಕಟ್ಟಿ, ಆಮೇಲೆ ಏಳಬೇಕು. ಅರಮನೆಯಿಂದ ಬನ್ನಿಮಂಟಪಕ್ಕೆ ಹತ್ತಿರ ಹತ್ತಿರ ಐದು ಕಿಲೋಮೀಟರ್. ಕಾದ ಟಾರು ರಸ್ತೆ. ನಡುವೆ ಎಲ್ಲೂ ಕೂರುವ ಹಾಗಿಲ್ಲ.

ಅವತ್ತು ರಾತ್ರಿ ಒಂದು ಗಂಟೆವರೆಗೂ ಓದುತ್ತಾ ಕೂತೆ. ಮರಗಾಲು ಅಂತ ಹುಡುಕುತ್ತಾ ಹೋದರೆ ಛತ್ತೀಸಗಡದ ಗೇಡಿ ಸಿಕ್ಕಿತು, ಹರೇಲಿ ಹಬ್ಬಕ್ಕೆ ಅಲ್ಲಿ ಮಕ್ಕಳು ಬಿದಿರಿನ ಮೇಲೆ ಹತ್ತುತ್ತಾರೆ. ಮರದ ಕಾಲು ಕಟ್ಟಿ ಕುದುರೆ ವೇಷದಲ್ಲಿ ಕುಣಿಯುವ ತಮಿಳುನಾಡಿನ ಪೊಯ್ಕಾಲ್ ಕುದುರೆ ಸಿಕ್ಕಿತು. ಆಮೇಲೆ ದಾರಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಯಿತು, ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ. ಅಲ್ಲಿ ಸಿಕ್ಕವನೇ ಮೊಕೊ ಜಂಬಿ.

ಟ್ರಿನಿಡಾಡ್, ವರ್ಜಿನ್ ದ್ವೀಪಗಳು, ಸೇಂಟ್ ವಿನ್ಸೆಂಟ್, ಆ ಕಡೆಯಲ್ಲೆಲ್ಲ ಮರಗಾಲಿನ ಕುಣಿತದವನಿಗೆ ಮೊಕೊ ಜಂಬಿ ಅಂತಲೇ ಹೆಸರು. ಜಂಬಿ ಅಂದರೆ ಅಲ್ಲಿಯ ಮಾತಿನಲ್ಲಿ ದೆವ್ವ, ಆತ್ಮ. ಮೊಕೊ ಅನ್ನುವುದು ಪಶ್ಚಿಮ ಆಫ್ರಿಕಾದ ಒಬ್ಬ ದೇವರ ಹೆಸರು ಅಂತ ಅಲ್ಲಿಯವರು ಹೇಳುತ್ತಾರೆ. ಕಥೆ ಹೀಗಿದೆ. ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತುಂಬಿಕೊಂಡು ಹೋದಾಗ ಅವರನ್ನು ಕಾಯುವ ಈ ದೇವರು ಸುಮ್ಮನಿರಲಾರದೆ ಅಟ್ಲಾಂಟಿಕ್ ಸಮುದ್ರದೊಳಗೇ ನಡೆದುಕೊಂಡು ಹಿಂದೆಯೇ ಬಂದ. ಅವನ ಕಾಲು ಅಷ್ಟು ಉದ್ದ. ಅವನು ಎತ್ತರ ಇರುವುದರಿಂದ ಕೆಟ್ಟದ್ದು ಬರುವುದು ಅವನಿಗೆ ಎಲ್ಲರಿಗಿಂತ ಮೊದಲು ಕಾಣುತ್ತದೆ.

ಈ ಕೊನೆಯ ಮಾತು ಓದಿ ನಾನು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ನನ್ನ ತಾತ ನೆನಪಾದರು. ನಮ್ಮ ಹೊಲದಲ್ಲಿ ನಾಲ್ಕು ಮರದ ಕಂಬ ನೆಟ್ಟು ಅಟ್ಟಣೆ ಹಾಕಿದ್ದರು, ರಾಗಿ ತೆನೆ ಕಟ್ಟುವ ಕಾಲಕ್ಕೆ ರಾತ್ರಿಯೆಲ್ಲ ಅಲ್ಲೇ. ಕವಣೆ, ತಮಟೆ, ಒಂದು ಲಾಟೀನು. ಕೆಳಗೆ ನಿಂತವನಿಗೆ ಹಂದಿ ಕಾಣೋದು ಅದು ಪೈರಿಗೆ ನುಗ್ಗಿದ ಮೇಲೆ, ಅಟ್ಟಣೆ ಮೇಲೆ ಕೂತವನಿಗೆ ಅದು ಹಳ್ಳದ ಆಚೆ ಇರುವಾಗಲೇ ಕಾಣುತ್ತದೆ. ಕಾಯುವವನು ಎತ್ತರದಲ್ಲಿರಬೇಕು, ಅಷ್ಟೇ. ಮೊಕೊ ಜಂಬಿ ಅಂದರೆ ನಡೆಯುವ ಅಟ್ಟಣೆ ಅಂತ ನಾನು ಅರ್ಥ ಮಾಡಿಕೊಂಡೆ.

ಆಫ್ರಿಕಾದಲ್ಲಿ ಇದರ ಬೇರುಗಳು ಒಂದೇ ಕಡೆ ಇಲ್ಲ. ಮಾಲಿ ದೇಶದ ಬಂಡಿಯಾಗಾರ ಬಂಡೆಗಳ ಸಾಲಿನಲ್ಲಿ ಡೋಗೊನ್ ಜನ ಇದ್ದಾರೆ. ಸತ್ತವರನ್ನು ಕಳಿಸಿಕೊಡುವ ದಾಮಾ ಅನ್ನುವ ಆಚರಣೆಯಲ್ಲಿ ಅವರು ಹತ್ತಾರು ಬಗೆಯ ಮುಖವಾಡ ಹಾಕಿ ಕುಣಿಯುತ್ತಾರೆ. ಅದರಲ್ಲಿ ಒಂದು ತಿಂಗೆತಾಂಗೆ, ಮರಗಾಲಿನದ್ದು. ಅದು ಒಂದು ನೀರುಹಕ್ಕಿ. ನಮ್ಮ ರಂಗನತಿಟ್ಟಿಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಣ್ಣದ ಕೊಕ್ಕರೆ ಆಳ ಕಡಿಮೆ ಇರುವ ನೀರಲ್ಲಿ ಒಂದೊಂದೇ ಕಾಲು ಎತ್ತಿ ಇಡುತ್ತಾ ಹೋಗುವುದು ನೋಡಿದ್ದೀರಲ್ಲ, ಅದನ್ನು ನೋಡಿದ ಯಾರಿಗೋ ಒಂದು ದಿನ ಹೀಗೆ ನಡೆಯಬೇಕು ಅನ್ನಿಸಿರಬೇಕು ಅಂತ ನನಗೆ ಅನ್ನಿಸುತ್ತದೆ.

ಗಬಾನ್ ದೇಶದ ಪುನು ಜನರದ್ದು ಇನ್ನೊಂದು ಥರ. ಅಲ್ಲಿ ಮರಗಾಲಿನ ಮೇಲೆ ಕುಣಿಯುವವನು ಗಂಡಸು, ಆದರೆ ಮುಖಕ್ಕೆ ಹಾಕುವುದು ಚೆಂದದ ಹೆಣ್ಣಿನ ಮುಖವಾಡ. ಬಿಳಿ ಜೇಡಿಮಣ್ಣು ಬಳಿದಿರುತ್ತಾರೆ, ಬಿಳಿ ಅಂದರೆ ಅಲ್ಲಿ ಸತ್ತವರ ಲೋಕದ ಬಣ್ಣ. ಐವರಿ ಕೋಸ್ಟಿನ ದಾನ್ ಜನರ ಮರಗಾಲಿನವನ ಮುಖ ಕಾಣುವುದೇ ಇಲ್ಲ, ಕಪ್ಪು ನೇಯ್ಗೆಯ ಬಟ್ಟೆ ಮುಚ್ಚಿರುತ್ತದೆ, ಉದ್ದನೆ ಪಟ್ಟೆ ಪಟ್ಟೆ ಪೈಜಾಮ, ಸೊಂಟಕ್ಕೆ ನಾರಿನ ಲಂಗ. ಮಲಾವಿ, ಜಾಂಬಿಯಾ, ಮೊಜಾಂಬಿಕ್ ಕಡೆಯ ಚೆವಾ ಜನರಲ್ಲಿ ಗುಲೆ ವಾಂಕುಲು ಅಂತ ಇದೆ, ಹಾಗಂದರೆ ದೊಡ್ಡ ಕುಣಿತ. ಸುಗ್ಗಿ ಮುಗಿದ ಮೇಲೆ, ಮದುವೆಗೆ, ಸಾವಿಗೆ, ಹೊಸ ನಾಯಕ ಬಂದಾಗ ಕುಣಿಯುತ್ತಾರೆ. ಅದರಲ್ಲೂ ಒಬ್ಬ ಮರಗಾಲಿನವನು ಬರುತ್ತಾನೆ. ಯುನೆಸ್ಕೊ ಇದನ್ನು 2008ರಲ್ಲಿ ತನ್ನ ಕಲೆ-ಆಚರಣೆಗಳ ಪರಂಪರೆಯ ಪಟ್ಟಿಗೆ ಸೇರಿಸಿದೆ. ಚೆವಾ ಹಳ್ಳಿಯಲ್ಲಿ ಮುಖವಾಡ ಹಾಕಿದ ಮೇಲೆ ಅವನು ಪಕ್ಕದ ಮನೆಯವನಲ್ಲ, ಸತ್ತ ಹಿರಿಯರ ಲೋಕದಿಂದ ಬಂದವನು. ಅವನ ಹೆಸರು ಹಿಡಿದು ಕೂಗುವ ಹಾಗಿಲ್ಲ.

ಇದು ನಮಗೆ ಹೊಸದಾ? ನಮ್ಮ ಮಂಡ್ಯ ಕಡೆ ಸೋಮನ ಕುಣಿತ ನೋಡಿದವರಿಗೆ ಗೊತ್ತು. ಕೆಂಪು ಮುಖದ ಸೋಮ, ಕಪ್ಪು ಮುಖದ ಸೋಮ, ಮರದಲ್ಲಿ ಕೆತ್ತಿದ ಅಷ್ಟಗಲ ಮುಖ, ಊರಮ್ಮನ ಕಾವಲುಗಾರರು. ಹೊರುವವರು ಯಾರು ಅಂತ ಇಡೀ ಊರಿಗೆ ಗೊತ್ತಿರುತ್ತದೆ, ಆದರೂ ಸೋಮ ಎದ್ದ ಮೇಲೆ ನನ್ನ ಅಜ್ಜಿ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಸೆರಗು ಸರಿ ಮಾಡಿಕೊಂಡು ಕೈ ಮುಗಿಯುತ್ತಿದ್ದರು.

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದು ಸಮುದ್ರ ದಾಟಿದ ಬಗೆ.

ಅಟ್ಲಾಂಟಿಕ್ ದಾಟಿಸಲು ಆಫ್ರಿಕಾದಿಂದ ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ ಜನ. ದಾರಿಯಲ್ಲೇ ಹೆಚ್ಚುಕಮ್ಮಿ 18 ಲಕ್ಷ ಜನ ಸತ್ತರು. ಬದುಕಿದವರಲ್ಲಿ ಲಕ್ಷಾಂತರ ಜನರನ್ನು ಕೆರಿಬಿಯನ್ ದ್ವೀಪಗಳಲ್ಲಿ ಇಳಿಸಿದ್ದು ಯಾಕೆ ಗೊತ್ತಾ? ಕಬ್ಬಿಗೆ. ಕಬ್ಬು ನೆಡುವುದಕ್ಕೆ, ಕಡಿಯುವುದಕ್ಕೆ, ಗಾಣಕ್ಕೆ ಕೊಡುವುದಕ್ಕೆ, ರಾತ್ರಿಯಿಡೀ ಕೊಪ್ಪರಿಗೆ ಕಾಯಿಸುವುದಕ್ಕೆ. ಮಂಡ್ಯದಲ್ಲಿ ಹುಟ್ಟಿದ ನಾನು ಕಬ್ಬು ಅಂದರೆ ಆಲೆಮನೆ ವಾಸನೆ, ಬಿಸಿ ಬೆಲ್ಲ, ನಾಲೆ ನೀರು, 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಗೆ ಎತ್ತಿನ ಗಾಡಿಗಳ ಸಾಲು ಅಂತಲೇ ಬೆಳೆದವಳು. ಕಬ್ಬಿನ ಗರಿ ಕೈ ಕುಯ್ಯುತ್ತದೆ, ಸುಂಕು ಮೈಗೆ ಚುಚ್ಚುತ್ತದೆ, ಅದೂ ಗೊತ್ತು. ಕೂಲಿಗೆ ಕಬ್ಬು ಕಡಿಯುವವರ ಅಂಗೈ ನೋಡಿದ್ದೀನಿ. ಅದನ್ನೇ ಕೂಲಿಯಿಲ್ಲದೆ, ಚಾಟಿಯ ಕೆಳಗೆ, ತಲೆಮಾರುಗಟ್ಟಲೆ ಮಾಡಿಸಿದರು ಅನ್ನುವುದನ್ನು ಓದುವಾಗ ಅದು ದೂರದ ದೇಶದ ಸುದ್ದಿ ಅಂತ ಅನ್ನಿಸಲೇ ಇಲ್ಲ.

ಆ ಜನ ತಮ್ಮ ಜೊತೆ ಏನು ತರಲು ಸಾಧ್ಯವಿತ್ತು? ಮುಖವಾಡ ತರಲಾಗಲಿಲ್ಲ. ಬಟ್ಟೆ ಕೂಡ ಬಿಡಲಿಲ್ಲ. ಸಾಮಾನು ಅಂತ ಒಂದು ಕಡ್ಡಿಯೂ ಇಲ್ಲ. ಮರಗಾಲಿನ ಮರವೂ ಬರಲಿಲ್ಲ. ಬಂದದ್ದು ಮೈಯೊಳಗಿನ ಲೆಕ್ಕ ಮಾತ್ರ, ಯಾವಾಗ ಭಾರ ಈ ಕಾಲಿಂದ ಆ ಕಾಲಿಗೆ ಹೋಗಬೇಕು ಅನ್ನುವ ಲೆಕ್ಕ. ಹೊಸ ನೆಲದಲ್ಲಿ ಹೊಸ ಮರ ಕಡಿದು ಮತ್ತೆ ಕಟ್ಟಿಕೊಂಡರು.

ವೇಷ ಹಾಕಿ ಬೀದಿಯಲ್ಲಿ ಕುಣಿಯುವ ಟ್ರಿನಿಡಾಡಿನ ಕಾರ್ನಿವಲ್ ಹಬ್ಬದ ಒಂದು ಬೇರೂ ಕಬ್ಬಿನಲ್ಲೇ ಇದೆ. ಕಾನ್‌ಬೂಲೆ ಅಂತ ಕರೆಯುತ್ತಾರೆ, ಫ್ರೆಂಚ್ ಮಾತಿನಿಂದ ಬಂದದ್ದು, ಸುಟ್ಟ ಕಬ್ಬು ಅಂತ ಅರ್ಥ. ತೋಟಕ್ಕೆ ಬೆಂಕಿ ಬಿದ್ದಾಗ ಸುತ್ತಮುತ್ತಲಿನ ತೋಟಗಳ ಗುಲಾಮರನ್ನೆಲ್ಲ ರಾತ್ರೋರಾತ್ರಿ ಕೊಂಬು ಊದಿ ಎಬ್ಬಿಸಿ, ಬೆಂಕಿ ಆರಿಸಲು, ಉಳಿದ ಕಬ್ಬನ್ನು ಬೇಗ ಕಡಿಯಲು ಓಡಿಸುತ್ತಿದ್ದರು. ಕಬ್ಬು ಸುಟ್ಟ ಮೇಲೆ ತಡಮಾಡಿದರೆ ರಸ ಕೆಡುತ್ತದೆ, ಇದು ನಮ್ಮ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. 1838ರಲ್ಲಿ ಪೂರ್ತಿ ಬಿಡುಗಡೆ ಸಿಕ್ಕಿದ ಮೇಲೆ ಅದೇ ಜನ ಅದೇ ಪಂಜು ಹಿಡಿದು, ಅದೇ ನಗಾರಿ ಬಾರಿಸಿ, ಈ ಸಲ ತಮ್ಮ ಖುಷಿಗೆ ಬೀದಿಗೆ ಬಂದರು. ಆಳುವವರಿಗೆ ಅದು ಹಿಡಿಸಲಿಲ್ಲ. 1881ರಲ್ಲಿ ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಬೀದಿಯಲ್ಲಿ ಪೊಲೀಸರು ತಡೆದರು, ಜನ ಬಿಡಲಿಲ್ಲ, ದೊಡ್ಡ ಜಗಳವೇ ಆಯಿತು. ಈಗಲೂ ಕಾರ್ನಿವಲ್ ಶುಕ್ರವಾರ ಬೆಳಕು ಹರಿಯುವ ಮುಂಚೆ ಅಲ್ಲಿ ಆ ಜಗಳವನ್ನು ನಾಟಕದ ಹಾಗೆ ಮತ್ತೆ ಆಡಿ ತೋರಿಸುತ್ತಾರೆ.

ಬಿಡುಗಡೆಯಾದ ಮೇಲೆ ಆ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು ಯಾರು? ನಮ್ಮವರು. 1845ರ ಮೇ 30ಕ್ಕೆ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿತು. 1917ರವರೆಗೆ ಸುಮಾರು 1 ಲಕ್ಷ 40 ಸಾವಿರ ಜನ ಭಾರತದಿಂದ ಹೋದರು, ಹೆಚ್ಚಿನವರು ಕಲ್ಕತ್ತಾ ಬಂದರಿನಿಂದ, ಕೆಲವರು ಮದ್ರಾಸಿನಿಂದ.

ಹಳೆಯ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಮೊಕೊ ಜಂಬಿ ಬೀದಿಗೆ ಬಂದರೆ ಮಹಡಿ ಬಾಲ್ಕನಿಯಲ್ಲಿ ನಿಂತವರ ಕೈಯಿಂದಲೇ ನೇರವಾಗಿ ಕಾಸು ತಗೊಳ್ಳುತ್ತಿದ್ದನಂತೆ. ಅದನ್ನು ಓದಿದ ಕೂಡಲೇ ಸಯ್ಯಾಜಿರಾವ್ ರಸ್ತೆಯ ಆ ನೀರಿನ ಬಾಟಲಿ ಕಣ್ಣ ಮುಂದೆ ಬಂತು. ಬೀದಿಯವನು ಮಹಡಿಯವರ ಮುಖಕ್ಕೆ ಮುಖ ಕೊಟ್ಟು, ಕತ್ತೆತ್ತದೆ ನಿಲ್ಲುವುದು ಸಣ್ಣ ವಿಷಯ ಅಲ್ಲ. ತೋಟದ ಮಾಲೀಕ ಮೇಲೆ, ದುಡಿಯುವವನು ಕೆಳಗೆ ಅಂತ ಇದ್ದ ಊರಲ್ಲಂತೂ ಅಲ್ಲವೇ ಅಲ್ಲ.

ನಡುವೆ ಈ ಕುಣಿತ ಅಲ್ಲೂ ಸೊರಗಿತ್ತು. 20ನೇ ಶತಮಾನದ ನಡುವಿನ ಹೊತ್ತಿಗೆ ಟ್ರಿನಿಡಾಡಿನ ಕಾರ್ನಿವಲ್‌ನಲ್ಲಿ ಮೊಕೊ ಜಂಬಿ ಹುಡುಕಿದರೂ ಸಿಗುವುದು ಕಷ್ಟ ಅನ್ನುವ ಹಾಗಾಗಿತ್ತು. 1986ರಲ್ಲಿ ಗ್ಲೆನ್ ಡಿ ಸೋಜಾ ಅನ್ನುವವರು, ಅಲ್ಲಿ ಎಲ್ಲರೂ ಡ್ರ್ಯಾಗನ್ ಅಂತ ಕರೆಯುತ್ತಾರೆ, ಪೋರ್ಟ್ ಆಫ್ ಸ್ಪೇನ್ ಪಕ್ಕದ ಕೋಕೊರೀಟ್ ಅನ್ನುವ ಬಡಾವಣೆಯಲ್ಲಿ ಮಕ್ಕಳಿಗೆ ಕಲಿಸಲು ಶುರು ಮಾಡಿದರು. ಬಡವರ ಬಡಾವಣೆ. ಬೀದಿಯಲ್ಲಿ ಕೆಟ್ಟ ಸಹವಾಸಕ್ಕೆ ಬೀಳುವ ಮಕ್ಕಳಿಗೆ ಮರಗಾಲು ಕಟ್ಟಿದರು. ಅದರ ಫೋಟೋಗಳನ್ನು ನೋಡಿ ನನಗೆ ಗಂಟಲು ಕಟ್ಟಿತು. ಇಷ್ಟಿಷ್ಟೇ ಮಕ್ಕಳು, ನಮ್ಮ ಅಂಗನವಾಡಿ ವಯಸ್ಸಿನವು, ಅವರ ಎರಡರಷ್ಟು ಉದ್ದದ ಕಾಲು, ಮುಖದಲ್ಲಿ ಒಂದು ಚೂರೂ ಹೆದರಿಕೆ ಇಲ್ಲ. ಎತ್ತರಕ್ಕೆ ಬೆಳೆದವರು 10, 15 ಅಡಿಗೂ ಹೋಗುತ್ತಾರೆ.

ಆಮೇಲೆ ಅದು ಕಾರ್ನಿವಲ್‌ನ ಮಧ್ಯಕ್ಕೇ ಬಂತು. 2016ರಲ್ಲಿ ವೇಷದ ಸ್ಪರ್ಧೆಯಲ್ಲಿ ಕಾರ್ನಿವಲ್ ರಾಜ ಅಂತ ಗೆದ್ದ ಜವಾನ್ ಥಾಮಸ್ ಕುಣಿದದ್ದು ಮರಗಾಲಿನ ಮೇಲೆ, ಸಾಯುತ್ತಿರುವ ಹಂಸವಾಗಿ. ಅದನ್ನು ರೂಪಿಸಿದವರು ಪೀಟರ್ ಮಿನ್‌ಶಲ್, ಬಾರ್ಸಿಲೋನಾ ಮತ್ತು ಅಟ್ಲಾಂಟಾ ಒಲಿಂಪಿಕ್ಸ್ ಉದ್ಘಾಟನೆಗೆ ಕೆಲಸ ಮಾಡಿದ ಅದೇ ಕಲಾವಿದ. ಉಳಿದವರೆಲ್ಲ ಚಕ್ರದ ಮೇಲೆ ಎಳೆಯುವಷ್ಟು ದೊಡ್ಡ ದೊಡ್ಡ ವೇಷದಲ್ಲಿ ಬರುವಾಗ ಇವರದ್ದು ಎರಡು ಮರದ ಕಾಲು, ಎರಡು ತೋಳು, ಬಿಳಿ ಬಟ್ಟೆ. 2018ರಲ್ಲಿ ರಾಣಿಯಾಗಿ ಗೆದ್ದ ಶೈನೆಲ್ ಬ್ರೈಜನ್ ಕೂಡ ಮೊಕೊ ಜಂಬಿಯೇ. ಟ್ರಿನಿಡಾಡಿನ ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲೇ ಮುಚ್ಚಿತು. ಕಬ್ಬಿಗೆ ಅಂತ ತಂದ ಜನರ ಕುಣಿತ ಅಲ್ಲಿ ಉಳಿದಿದೆ, ಕಬ್ಬಿಲ್ಲ.

ನಮ್ಮ ಮರಗಾಲಿನವರ ಬಗ್ಗೆ ಒಂದು ಮಾತು ಹೇಳಲೇಬೇಕು. ದಸರಾ ಮರುದಿನ ಮೆರವಣಿಗೆಯ ವಿಡಿಯೋಗಳನ್ನೆಲ್ಲ ಹುಡುಕಿದೆ. ಆನೆಯದ್ದು ಸಾವಿರ ಇವೆ. ಮರಗಾಲಿನವರು ಎಲ್ಲೋ ಮೂಲೆಯಲ್ಲಿ ನಾಲ್ಕು ಸೆಕೆಂಡ್ ದಾಟಿ ಹೋಗುತ್ತಾರೆ. ಯಾವ ಊರು, ಯಾರು ಕಲಿಸಿದ್ದು, ಎಷ್ಟು ವರ್ಷದಿಂದ, ಯಾರೂ ಹೇಳುವುದಿಲ್ಲ. ನಾನೂ ಅವತ್ತು ಒಂದು ಫೋಟೋ ತೆಗೆಯಲಿಲ್ಲ, ಅವರ ಊರು ಕೇಳಲಿಲ್ಲ. ಮುಂದಿನ ಸಲ ಕೇಳಬೇಕು. ಬನ್ನಿಮಂಟಪದ ಹತ್ತಿರವೇ ಹೋಗಿ ಕಾಯುತ್ತೀನಿ, ಅವರು ಗೋಡೆ ಮೇಲೆ ಕೂತು ಕಟ್ಟು ಬಿಚ್ಚುವ ಜಾಗಕ್ಕೆ. ನೀವು ಹೋಗುವವರಿದ್ದರೆ ನೀವೂ ಕೇಳಿ. ಹಾಗೇ ಒಂದು ಬಾಟಲಿ ನೀರು ತಗೊಂಡು ಹೋಗಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಮಾವ ಮೊದಲೇ ಎರಡು ಬಿದಿರು ಗಳ ಕಡಿದು ಇಟ್ಟಿದ್ದರು. ಮಗನಿಗೆ ಅಂತಲೇ. ಗೆಣ್ಣಿನ ಹತ್ತಿರ ಕವೆ ಬಿಟ್ಟು ಕಡಿದದ್ದು, ಕಾಲು ಜಾರದ ಹಾಗೆ ಅದಕ್ಕೆ ಹಳೇ ಪಂಚೆ ಸುತ್ತಿ ಹುರಿಯಲ್ಲಿ ಬಿಗಿದಿದ್ದರು. ಇದು ಕಾಲಿಗೆ ಕಟ್ಟುವ ಮರಗಾಲು ಅಲ್ಲ, ಕೈಯಲ್ಲಿ ಹಿಡಿದು ನಡೆಯುವುದು, ನೆಲದಿಂದ ಒಂದೂವರೆ ಅಡಿ ಎತ್ತರ ಅಷ್ಟೇ. ನನಗೆ ಅದೇ ಜಾಸ್ತಿ ಅನ್ನಿಸಿತು.

ಮಾವ ಅವನಿಗೆ ಮೊದಲು ಕಲಿಸಿದ್ದು ಬೀಳುವುದನ್ನು. "ಬೀಳ್ತೀನಿ ಅನ್ಸುದ್ರೆ ಗಳ ಬಿಟ್ಬುಡು ಮಗ, ಮುಂದಕ್ಕೆ ನೆಗಿ. ಗಳ ಹಿಡ್ಕಂಡೇ ಬೀಳ್ಬ್ಯಾಡ." ಹತ್ತು ಸಲ ಬೀಳಿಸಿದರು. ಆಮೇಲೆ ಹತ್ತಿಸಿದರು. ಅವನು ಹತ್ತಿದ ಕೂಡಲೇ ಅಲ್ಲಾಡದೆ ಸೆಟೆದು ನಿಲ್ಲಲು ನೋಡಿದ, ಬಿದ್ದ. ಮತ್ತೆ ಹತ್ತಿದ, ಮತ್ತೆ ನಿಂತ, ಮತ್ತೆ ಬಿದ್ದ. ಮಂಡಿ ತರಚಿತು. ನಾನು ಸಾಕು ಅಂದೆ. ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಿಲ್ಬ್ಯಾಡ ಕಣ್ಲಾ. ನಡಿ. ನಡೀತಾ ಇರು."

ಮೂರನೇ ದಿನ ಸಂಜೆ ಅವನು ಕಣದಿಂದ ಹೊರಟು ಗಾಡಿ ದಾರಿಯಲ್ಲಿ ಹೋದ. ಬಲಗಡೆ ಕೂಳೆ ಕಬ್ಬು, ಅವನ ತಲೆಗಿಂತ ಒಂದು ಗೇಣು ಎತ್ತರ. ಎರಡು ದಿನದಿಂದ ಅದರ ಪಕ್ಕ ಓಡಾಡುತ್ತಿದ್ದಾನೆ, ಗರಿ ಬಿಟ್ಟರೆ ಬೇರೇನೂ ಅವನಿಗೆ ಕಂಡಿರಲಿಲ್ಲ. ನಾನು ಹಿಂದೆಯೇ ಓಡುತ್ತಿದ್ದೆ, ಕೈ ಚಾಚಿಕೊಂಡು. ಟಕ್ ಟಕ್ ಸದ್ದು ಮಣ್ಣಿನಲ್ಲಿ ಕೇಳುವುದಿಲ್ಲ, ಸಣ್ಣ ಸಣ್ಣ ಗುಂಡಿ ಬೀಳುತ್ತಿದ್ದವು.

"ಅಮ್ಮಾ, ಆ ಕಡೆ ನಾಲೆ ಇದೆ! ನೀರು ಬರ್ತಿದೆ! ಯಾರೋ ಎಮ್ಮೆ ಹೊಡ್ಕೊಂಡು ಬರ್ತಿದ್ದಾರೆ!"

ನನಗೆ ಇನ್ನೂ ಏನೂ ಕಾಣುತ್ತಿರಲಿಲ್ಲ. ಎಮ್ಮೆ ಕಬ್ಬಿನ ತಿರುವು ದಾಟಿ ನಮ್ಮ ಎದುರಿಗೆ ಬರಲು ಇನ್ನೂ ಐದು ನಿಮಿಷ ಹಿಡಿಯಿತು.